ಅಣಬೆಮನೆಯ ಮಡಿ, ಹೊಲದ ಪ್ರಸಾದ

ಅಣಬೆಮನೆಯಲ್ಲಿ ಮಡಿ ಬಲು ಬಿಗಿ. ಭತ್ತದ ಹುಲ್ಲನ್ನು ನೆನೆಸಿ, ಕುದಿನೀರಿನಲ್ಲೋ ಹಬೆಯಲ್ಲೋ ಬೇಯಿಸಿ, ಕೈ ತೊಳೆದುಕೊಂಡೇ ಬೀಜ ಹಾಕಿ ಚೀಲ ಕಟ್ಟುತ್ತಾರೆ. ಹಸಿರು ಬೂಷ್ಟು ಕಂಡ ಚೀಲಕ್ಕೆ ಒಳಗೆ ಒಂದು ದಿನವೂ ಜಾಗವಿಲ್ಲ. ಎರಡು ಮೂರು ಕೊಯ್ಲು ಮುಗಿದರೆ ಒಳ್ಳೆಯ ಚೀಲವೂ ಹೊರಗೆ ಬೀಳುತ್ತದೆ. ಒಂದು ಕಿಲೋ ಅಣಬೆಗೆ ಸುಮಾರು 5 ಕಿಲೋ ಹೀಗೆ ಉಳಿಯುತ್ತದೆ ಎಂಬುದು ಈ ಕಸುಬಿನ ಲೆಕ್ಕ.

ಅದು ಕಸವೇ?

ಮನುಸ್ಮೃತಿಯ ಐದನೇ ಅಧ್ಯಾಯ ಬೆಳ್ಳುಳ್ಳಿ, ಈರುಳ್ಳಿಗಳ ಜೊತೆಗೆ ಅಣಬೆಯನ್ನೂ ದ್ವಿಜರಿಗೆ ನಿಷೇಧಿಸುತ್ತದೆ. ಹೊಲಸಿನಲ್ಲಿ ಹುಟ್ಟಿದ್ದೆಲ್ಲವನ್ನೂ ಅದೇ ಸಾಲಿಗೆ ಸೇರಿಸುತ್ತದೆ. ಹುಟ್ಟಿದ ಜಾಗ ನೋಡಿ ಶುದ್ಧಿ ಅಳೆಯುವ ಕ್ರಮವದು. ಅದಕ್ಕಿಂತ ಹಳೆಯ ದನಿಯೊಂದಿದೆ. ಅಥರ್ವವೇದದ ಹನ್ನೊಂದನೇ ಕಾಂಡದಲ್ಲಿ ಉಚ್ಛಿಷ್ಟಕ್ಕೆಂದೇ ಒಂದು ಸೂಕ್ತ. ಯಜ್ಞದಲ್ಲಿ ಮಿಕ್ಕಿದ್ದರಲ್ಲೇ ಲೋಕಗಳು ನೆಲೆ ನಿಂತಿರುವುದನ್ನು ಅದು ಕಾಣುತ್ತದೆ. ವಿಷ್ಣು ಮಲಗಿದ ಹಾವಿನ ಹೆಸರೂ ಶೇಷ, ಅಂದರೆ ಉಳಿದದ್ದು. ಎಲೆಯಲ್ಲಿ ಉಳಿದರೆ ಎಂಜಲು, ದೇವರ ಮುಂದಿಟ್ಟು ಉಳಿದರೆ ಪ್ರಸಾದ ಎಂದು ಮನೆಮಾತಿಗೂ ಗೊತ್ತು.

ಚಿಪ್ಪು ಅಣಬೆಯ ಹಳೇ ಚೀಲ ಸೀಳಿ ನೋಡಿದರೆ ಆ ಹಳೆಯ ದನಿಯೇ ದಿಟವೆನಿಸುತ್ತದೆ. ಗರಿಗರಿಯಾಗಿದ್ದ ಹುಲ್ಲು ಈಗ ಬಿಳಿ ನೂಲು ಹೆಣೆದ ಮೆತ್ತನೆಯ ಮುದ್ದೆ; ಹಿಸುಕಿದರೆ ಬೆರಳಲ್ಲೇ ಉದುರುತ್ತದೆ. ಹುಲ್ಲಿಗೆ ಬಿಗಿ ಕೊಡುವ ಲಿಗ್ನಿನ್ನನ್ನು ಅರಗಿಸಬಲ್ಲ ಜೀವಿಗಳು ಬಹಳ ಇಲ್ಲ. ಅಣಬೆ ಅದನ್ನು ಒಡೆದಿದೆ, ಇಂಗಾಲದ ಒಂದಷ್ಟು ಪಾಲನ್ನು ಉಸಿರಾಗಿ ಬಿಟ್ಟಿದೆ. ಎರೆಹುಳುವಿಗೆ ಅರ್ಧ ಕೆಲಸ ಮುಗಿದೇ ಹೋಗಿದೆ.

ಆದರೆ ಹೊರಬಿದ್ದ ಮಾತ್ರಕ್ಕೆ ಎಲ್ಲ ಅಣಬೆಯ ಉಳಿಕೆಯೂ ಪ್ರಸಾದವಾಗದು. ಗುಂಡಿ (ಬಟನ್) ಅಣಬೆ ಬೆಳೆದ ಗೊಬ್ಬರದಲ್ಲಿ ಕೋಳಿಗೊಬ್ಬರ, ಜಿಪ್ಸಂ ಇರುವುದರಿಂದ ಉಪ್ಪಿನಂಶ ಹೆಚ್ಚು. ಹಸಿಯಾಗಿ ಸುರಿದರೆ ಎಳೆ ಸಸಿ ಸೊರಗುತ್ತದೆ; ಮಳೆಗೆ ತೊಳೆದು, ತಿಂಗಳುಗಟ್ಟಲೆ ಮಾಗಬೇಕು.

ಇನ್ನು ಆ ಹಸಿರು ಬೂಷ್ಟಿನ ವಿಚಾರ. ಅಣಬೆಮನೆಗೆ ಅದಕ್ಕಿಂತ ದೊಡ್ಡ ಮೈಲಿಗೆಯಿಲ್ಲ. ಚೀಲವನ್ನು ಗೋಡೆಯ ಪಕ್ಕದಲ್ಲೇ ರಾಶಿ ಹಾಕಿದರೆ ಅದರ ಕಣಗಳು ಮತ್ತೆ ಒಳಗೆ ಹಾರುತ್ತವೆ. ಅದರ ಹೆಸರು ಟ್ರೈಕೋಡರ್ಮಾ. ಮಲೆನಾಡಿನಲ್ಲಿ ಕಾಳುಮೆಣಸಿನ ಬಳ್ಳಿ ಸೊರಗಿ ಸಾಯದಿರಲೆಂದು ಬೆಳೆಗಾರರು ದುಡ್ಡು ಕೊಟ್ಟು ತರುವುದು ಅದೇ ಕುಲದ ಶಿಲೀಂಧ್ರದ ಪುಡಿಯನ್ನು. ಅದನ್ನು ಕೊಟ್ಟಿಗೆ ಗೊಬ್ಬರಕ್ಕೆ ಬೆರೆಸಿ, ನೀರು ಚಿಮುಕಿಸಿ, ಗೋಣಿ ಹೊದಿಸಿ ನೆರಳಲ್ಲಿಡುತ್ತಾರೆ. ರಾಶಿಯ ಮೇಲೆ ಹಸಿರು ಮೂಡಿದ ದಿನ ಸಂತೋಷದಿಂದ ಬಳ್ಳಿಯ ಬುಡಕ್ಕೆ ಹೊತ್ತೊಯ್ಯುತ್ತಾರೆ.