ಲಿಂಗಕ್ಕೇರಿದ ಹೂವು ಯಾರ ಮುಡಿಗೆ?

ಅಲಂಕಾರವೆಂಬುದು ಸಿರಿವಂತರ ವಿಲಾಸವೆಂದು ಬಗೆಯುವವರು ನಮ್ಮ ರಾಯಚೂರು ಸೀಮೆಯ ಹಳ್ಳಿಗಳ ಬೆಳಗನ್ನು ಕಂಡವರಲ್ಲ. ದೇವದುರ್ಗ, ಮಾನವಿ ತಾಲೂಕುಗಳ ಕರಿಮಣ್ಣಿನ ಊರುಗಳಲ್ಲಿ, ಮನೆಯೊಳಗೆ ಜೋಳದ ಚೀಲ ಒಂದಿರಲಿ ಹತ್ತಿರಲಿ, ಅಂಗಳ ಗುಡಿಸಿ, ನೀರಿನ ಚಳೆ ಹೊಡೆದು, ಹೊಸ್ತಿಲ ಮುಂದೆ ನಾಲ್ಕೆಳೆ ರಂಗವಲ್ಲಿಯನ್ನು ಬರೆಯದೆ ಗೃಹಿಣಿಯು ಒಲೆಯ ಕಡೆ ತಿರುಗುವುದಿಲ್ಲ. ಇಂದು ಎಷ್ಟೋ ಅಂಗಳಗಳಿಗೆ ಸಿಮೆಂಟು ಬಂದಿದೆ, ಒಲೆಗೆ ಅನಿಲ ಬಂದಿದೆ. ರಂಗವಲ್ಲಿ ಮಾತ್ರ ಬಿಟ್ಟುಹೋಗಿಲ್ಲ. ಕಾರಹುಣ್ಣಿಮೆಗೆ ಎತ್ತಿನ ಕೊಂಬಿಗೆ ಬಣ್ಣ, ಕೊರಳಿಗೆ ಗೆಜ್ಜೆ. ಮಣ್ಣೆತ್ತಿನ ಅಮಾವಾಸ್ಯೆಗೆ ಹೊಲದ ಮಣ್ಣಿನಿಂದಲೇ ಮಾಡಿದ ಜೋಡೆತ್ತು. ದೀಪಾವಳಿಗೆ ಸೆಗಣಿಯ ಹಟ್ಟೆವ್ವ, ಅವಳಿಗೆ ಚೆಂಡುಹೂ, ಉತ್ತರಾಣಿಗಳ ಸಿಂಗಾರ. ಮದುವೆಗೆ ಹೂಗಾರರ ಮನೆಯಿಂದ ಬಾಸಿಂಗ, ದಂಡೆ. ವರ್ಷವೆಲ್ಲ ಹೂವು, ಬಣ್ಣ, ಮಣ್ಣುಗಳ ಜೊತೆಯಲ್ಲಿಯೇ ನಮ್ಮ ಜನರ ಭಕ್ತಿಯು ಸಾಗಿಬಂದಿದೆ.

ಈ ಕಲೆ ನಿನ್ನೆ ಮೊನ್ನೆಯದಲ್ಲ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು 1130ರ ಸುಮಾರಿಗೆ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಚಿತ್ರಪ್ರಭೇದಗಳನ್ನು ಎಣಿಸುವಾಗ ಧೂಳಿಚಿತ್ರಕ್ಕೂ ಸ್ಥಾನ ದೊರೆತಿದೆ. ಪುಡಿಯಿಂದ ನೆಲದ ಮೇಲೆ ಬರೆಯುವ ಚಿತ್ರವೇ ಅದು. ಪುಷ್ಪಮಾಲೆಗಳ ಉಪಭೋಗವನ್ನು ಕುರಿತೂ ಆ ಗ್ರಂಥದಲ್ಲಿ ಪ್ರತ್ಯೇಕ ನಿರೂಪಣೆಯುಂಟು. ಅರಸನ ದೃಷ್ಟಿಯಲ್ಲಿ ಹೂವು ಭೋಗವಸ್ತು. ಆದರೆ ಅದೇ ಶತಮಾನದಲ್ಲಿ ಅದೇ ಕಲ್ಯಾಣದಲ್ಲಿ ನೆರೆದ ಶರಣರ ಕೈಗೆ ಬಂದಾಗ ಆ ಹೂವಿಗೆ ಬೇರೊಂದು ಅರ್ಥವುಂಟಾಯಿತು. ಹೂ ಕೊಯ್ದು ಕಟ್ಟುವುದು ಕಾಯಕವೆನಿಸಿತು. ಹೂಗಾರ ಮಾದಯ್ಯನು ಶರಣನೆಂದು ಇಂದಿಗೂ ಸ್ಮರಣೀಯನಾಗಿದ್ದಾನೆ. ಲಿಂಗಕ್ಕೆ ಅರ್ಪಿತವಾದ ಹೂವು ಪ್ರಸಾದವೆನಿಸಿತು. ಮುಂದೆ ಹರಿಹರ ಮಹಾಕವಿಯು ಹಂಪೆಯ ವಿರೂಪಾಕ್ಷನಿಗಾಗಿ ಹೂವೆತ್ತುವ ಸೇವೆಯನ್ನೇ ವಸ್ತುವಾಗಿರಿಸಿಕೊಂಡು ‘ಪುಷ್ಪರಗಳೆ’ಯನ್ನು ರಚಿಸಿದನು. ಭೋಗದಿಂದ ಕಾಯಕಕ್ಕೆ, ಕಾಯಕದಿಂದ ಪ್ರಸಾದಕ್ಕೆ ಹೂವು ಏರಿದ ಮಾರ್ಗವಿದು.

ಹಳ್ಳಿಯ ಈ ಅಲಂಕಾರಗಳಲ್ಲಿ ಎರಡು ಗುಣಗಳು ವಿಶೇಷವಾಗಿ ವಿಚಾರಾರ್ಹವಾಗಿವೆ. ಮೊದಲನೆಯದು ಸುಲಭತೆ. ತುಂಬೆ, ಎಕ್ಕೆ, ಕಣಗಿಲೆ, ಬಿಲ್ವಪತ್ರೆ ಇವುಗಳನ್ನು ಹಣ ತೆತ್ತು ತರಬೇಕಾದುದಿಲ್ಲ. ನೆರೆಯ ತೆಲಂಗಾಣದಲ್ಲಿ ನವರಾತ್ರಿಯ ಕಾಲಕ್ಕೆ ಸ್ತ್ರೀಯರು ತಟ್ಟೆಯಲ್ಲಿ ಹೂಗಳನ್ನು ಗೋಪುರದಂತೆ ಸುತ್ತು ಸುತ್ತಾಗಿ ಏರಿಸಿ ಬತುಕಮ್ಮನನ್ನು ಮಾಡುತ್ತಾರೆ. ಹಾಡಿ, ಸುತ್ತುವರಿದು, ಕಡೆಗೆ ನೀರಿಗೆ ಬಿಡುತ್ತಾರೆ. ರಾಯಚೂರಿನ ತೆಲುಗು ಮನೆತನಗಳಿಗೂ ಅದು ಅಪರಿಚಿತವಲ್ಲ. ಅದರಲ್ಲಿ ಪ್ರಧಾನವಾದ ತಂಗಡಿಯ ಹೂವು ಯಾರೂ ಬಿತ್ತದೆ ಬೀಳುಭೂಮಿಯಲ್ಲಿ ಅರಳುವಂತಹುದು. ಎರಡನೆಯದು ಅನಿತ್ಯತೆ. ಬೆಳಗಿನ ರಂಗವಲ್ಲಿಯನ್ನು ಮಧ್ಯಾಹ್ನದ ಹೊತ್ತಿಗೆ ದನಗಳೂ ಮಕ್ಕಳೂ ತುಳಿದುಹೋಗುತ್ತಾರೆ. ಬರೆದವಳು ಅದಕ್ಕಾಗಿ ದುಃಖಿಸುವುದಿಲ್ಲ. ಮರುದಿನ ಮತ್ತೆ ಬರೆಯುತ್ತಾಳೆ. ತನ್ನ ಹೆಸರನ್ನು ಅದರ ಕೆಳಗೆ ಹಾಕುವುದಿಲ್ಲ.

ಸುಲಭವಾದುದರಿಂದ ಅದು ಎಲ್ಲರದು. ಅನಿತ್ಯವಾದುದರಿಂದ ಅದು ಯಾರೊಬ್ಬರ ಸ್ವತ್ತೂ ಅಲ್ಲ. ಬಂಗಾರವನ್ನು ಪೆಟ್ಟಿಗೆಯಲ್ಲಿ ಕೂಡಿಡಬಹುದು, ಹೂವನ್ನು ಕೂಡಿಡಲಾಗದು. ಕೂಡಿಡುವ ಆಸೆಯನ್ನು ಶರಣರು ಎಷ್ಟು ಹಳಿದರೆಂಬುದಕ್ಕೆ ನಮ್ಮ ಜಿಲ್ಲೆಯವಳೇ ಆದ ಆಯ್ದಕ್ಕಿ ಲಕ್ಕಮ್ಮನು ಸಾಕ್ಷಿ. ಲಿಂಗಸುಗೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಹೋದ ಆ ದಂಪತಿಗಳಲ್ಲಿ, ಪತಿ ಮಾರಯ್ಯನು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಅದನ್ನು ತಿರುಗಿ ಅಲ್ಲಿಯೇ ಸುರಿದು ಬರುವಂತೆ ಅವನನ್ನು ಕಳುಹಿಸಿದವಳು ಲಕ್ಕಮ್ಮ. ಪೂಜೆಗೆ ಬೇಕಾದಷ್ಟು ಹೂವನ್ನು ಮಾತ್ರ ಕೊಯ್ದು, ಉಳಿದುದನ್ನು ಗಿಡದಲ್ಲಿ ಬಿಡುವ ನಮ್ಮ ಹಿರಿಯರ ಮರ್ಯಾದೆಯೂ ಇದೇ ಜಾತಿಯದು.

ಹೀಗೆ ಎಲ್ಲರಿಗೂ ಸಲ್ಲಬೇಕಾದ ಈ ಸೊಬಗು ನಮ್ಮ ಮನೆಗಳಲ್ಲಿ ನಿಜವಾಗಿಯೂ ಎಲ್ಲರಿಗೂ ಸಲ್ಲುತ್ತಿದೆಯೇ? ಪ್ರಕೃತ ಲೇಖನದ ಪ್ರಶ್ನೆಯು ಇದೇ.

ಮದುವೆಯ ಮನೆಯನ್ನು ನೆನೆಯಿರಿ. ನಸುಕಿನಲ್ಲಿ ಎದ್ದು ಹಂದರದ ಕೆಳಗೆ ರಂಗವಲ್ಲಿ ಬರೆದವಳು ವಧುವಿನ ತಾಯಿ. ಹೂವನ್ನು ನೂಲಿಗೆ ಪೋಣಿಸಿದವಳು ಅವಳೇ. ಗಂಡನು ತೀರಿಕೊಂಡ ಮೇಲೆ ಕೂಲಿನಾಲಿ ಮಾಡಿ ಮಗಳನ್ನು ಬೆಳೆಸಿದವಳೂ ಅವಳೇ. ಆದರೆ ಸುರಿಗೆ ಸುತ್ತಿ, ಆರತಿ ಎತ್ತಿ, ಉಡಿ ತುಂಬುವ ಹೊತ್ತು ಬಂದಾಗ ‘ಐದು ಮಂದಿ ಮುತ್ತೈದೆಯರು ಬರ್ರಿ’ ಎಂದು ಕೂಗುತ್ತಾರೆ. ಅವಳು ತಾನಾಗಿಯೇ ಒಳಗಿನ ಕೋಣೆಗೆ ಸರಿಯುತ್ತಾಳೆ. ಯಾರೂ ಅವಳನ್ನು ಗದರಿಸುವುದಿಲ್ಲ. ಗದರಿಸಬೇಕಾದ ಅವಶ್ಯಕತೆಯೇ ಇಲ್ಲದಂತೆ ಲೋಕರೂಢಿಯು ಅವಳಿಗೆ ಪಾಠ ಕಲಿಸಿಬಿಟ್ಟಿದೆ. ಅವಳ ಕೈಯ ಕೆಲಸ ಮಂಗಲ, ಅವಳ ಮುಖ ಅಮಂಗಲ! ಕಾಯಕವನ್ನು ಸ್ವೀಕರಿಸಿ ಕಾಯಕ ಮಾಡಿದವಳನ್ನು ನಿರಾಕರಿಸುವುದು ಯಾವ ಧರ್ಮ?

ಇದನ್ನು ಶರಣಧರ್ಮದ ಒರೆಗಲ್ಲಿಗೆ ಹಚ್ಚಿ ನೋಡೋಣ. ವೀರಶೈವನಿಗೆ ರಕ್ಷೆಯಾದುವು ಅಷ್ಟಾವರಣಗಳು: ಗುರು, ಲಿಂಗ, ಜಂಗಮ, ಪಾದೋದಕ, ಪ್ರಸಾದ, ವಿಭೂತಿ, ರುದ್ರಾಕ್ಷಿ, ಮಂತ್ರ. ಇವುಗಳಲ್ಲಿ ಒಂದಾದರೂ ಪತಿಯ ಮರಣದಿಂದ ಸ್ತ್ರೀಗೆ ತಪ್ಪಿಹೋಗುವುದೆಂದು ಹೇಳಿದವರುಂಟೆ? ದೀಕ್ಷೆಯಲ್ಲಿ ಅವಳ ಕರಸ್ಥಲಕ್ಕೆ ಬಂದ ಇಷ್ಟಲಿಂಗವು ಅಲ್ಲಿಯೇ ಇದೆ. ಹಣೆಯ ವಿಭೂತಿ ಅಲ್ಲಿಯೇ ಇದೆ. ಆ ಲಿಂಗಕ್ಕೆ ಅವಳು ದಿನವೂ ಪತ್ರೆ ಪುಷ್ಪಗಳನ್ನು ಏರಿಸುತ್ತಾಳೆ. ಏರಿಸಿದ ಹೂವು ಪ್ರಸಾದ. ಇತರ ಶೈವಾಗಮಗಳಲ್ಲಿ ಶಿವನಿರ್ಮಾಲ್ಯವು ಚಂಡೇಶ್ವರನ ಪಾಲೆಂದು ಹೇಳಿ ಭಕ್ತರಿಗೆ ಅದನ್ನು ನಿಷೇಧಿಸಿದ್ದುಂಟು. ವೀರಶೈವರಾದರೋ ಲಿಂಗಾರ್ಪಿತವಾದುದೆಲ್ಲವೂ ಪ್ರಸಾದವೆಂದು ಆದರದಿಂದ ಸ್ವೀಕರಿಸಿದರು. ಹಾಗಿರುವಲ್ಲಿ, ತಾನೇ ಅರ್ಪಿಸಿದ ಹೂವನ್ನು ಕಣ್ಣಿಗೊತ್ತಿಕೊಂಡು ಮುಡಿಗೇರಿಸುವ ಅಧಿಕಾರ ಅವಳಿಗೆ ಇಲ್ಲವೆಂದರೆ, ಪ್ರಸಾದವನ್ನೇ ತಡೆದಂತಾಗಲಿಲ್ಲವೆ?

ಮತ್ತೊಂದು ವಿಚಾರ. ಜಾತಿ, ಜನನ, ಪ್ರೇತ, ರಜಸ್ಸು, ಉಚ್ಛಿಷ್ಟ ಎಂಬ ಪಂಚಸೂತಕಗಳು ಲಿಂಗವಂತರಿಗೆ ಇಲ್ಲವೆಂಬುದು ನಮ್ಮ ಆಚಾರದ ಹೆಗ್ಗಳಿಕೆ. ಮನೆಯಲ್ಲಿ ಹೆಣವಿದ್ದಾಗಲೂ ಲಿಂಗಪೂಜೆ ನಿಲ್ಲದೆಂದು ಹೇಳುವವರು ನಾವು. ಮರಣದ ದಿನವೇ ಇಲ್ಲದ ಸೂತಕವು ಮರಣಾನಂತರ ನಲವತ್ತು ವರ್ಷಗಳ ಕಾಲ ಆ ಪತ್ನಿಯೊಬ್ಬಳ ತಲೆಯ ಮೇಲೆ ಕುಳಿತಿರುವುದು ಹೇಗೆ? ಇನ್ನು ‘ಶರಣಸತಿ ಲಿಂಗಪತಿ’ ಎಂಬ ಭಾವವಂತೂ ಈ ರೂಢಿಯ ಬೇರನ್ನೇ ಕೀಳುವಂತಹುದು. ಸ್ತ್ರೀಯಾಗಲಿ ಪುರುಷನಾಗಲಿ ಭಕ್ತರೆಲ್ಲರೂ ಸತಿಯರು. ಪತಿಯಾದ ಲಿಂಗಕ್ಕೆ ಸಾವಿಲ್ಲ. ಈ ಭಾವವನ್ನು ಒಪ್ಪಿದವರ ನಾಲಗೆಯಲ್ಲಿ ‘ವಿಧವೆ’ ಎಂಬ ಶಬ್ದಕ್ಕೆ ಅರ್ಥವೇ ಉಳಿಯಲಾರದು.

ಇಲ್ಲಿ ಕೆಲವರು ಆಕ್ಷೇಪಿಸಬಹುದು: ‘ಅಕ್ಕಮಹಾದೇವಿಯು ಸಕಲಾಭರಣಗಳನ್ನೂ ತೊರೆದಳಲ್ಲವೆ? ವೈರಾಗ್ಯವೇ ದೊಡ್ಡದಾಗಿರುವಾಗ ಒಂದು ಮೊಳ ಹೂವಿಗಾಗಿ ಇಷ್ಟು ವಾದವೇಕೆ?’ ಅಕ್ಕನು ತಾನಾಗಿ ತೊರೆದಳು. ಯಾರೂ ಅವಳಿಂದ ಕಸಿದುಕೊಳ್ಳಲಿಲ್ಲ. ತಾನು ಬಿಟ್ಟುದು ತ್ಯಾಗ. ಪರರು ಬಿಡಿಸಿದುದು ಅಪಹಾರ. ಒಂದರ ಹೆಸರನ್ನು ಇನ್ನೊಂದಕ್ಕೆ ಇಡುವುದು ಸತ್ಯಕ್ಕೆ ಅಪಚಾರ. ಬಾಹ್ಯಪುಷ್ಪಕ್ಕಿಂತ ಅಂತರಂಗದ ಪುಷ್ಪಗಳೇ ಮೇಲೆಂಬ ಮಾತೂ ಬರಬಹುದು. ಒಪ್ಪಿದೆವು. ಅಹಿಂಸೆ, ಇಂದ್ರಿಯನಿಗ್ರಹ, ಸರ್ವಭೂತದಯೆ, ಕ್ಷಮೆ, ಜ್ಞಾನ, ತಪಸ್ಸು, ಧ್ಯಾನ, ಸತ್ಯ ಎಂದು ಅಷ್ಟಪುಷ್ಪಗಳನ್ನು ಹಿರಿಯರು ಎಣಿಸಿದ್ದಾರೆ. ಅವುಗಳಲ್ಲಿ ಮೂರನೆಯದು ದಯೆ. ಮನೆಯವಳಿಗೇ ಸಲ್ಲದ ದಯೆಯು ಸರ್ವಭೂತಗಳಿಗೆ ಸಲ್ಲುವುದೆಂತು? ಬಾಹ್ಯಪುಷ್ಪವು ಕ್ಷುಲ್ಲಕವಾದರೆ ಎಲ್ಲರಿಗೂ ಕ್ಷುಲ್ಲಕವಾಗಲಿ. ಅವಳು ಕೈಚಾಚಿದಾಗ ಮಾತ್ರ ಕ್ಷುಲ್ಲಕವಾಗುವುದು ನ್ಯಾಯವಲ್ಲ.

‘ಅವಳೇ ಒಲ್ಲೆನೆನ್ನುತ್ತಾಳೆ’ ಎಂಬುದು ಎಲ್ಲಕ್ಕಿಂತ ಬಲವಾದ ಆಕ್ಷೇಪ. ಅಗಲಿದ ಪತಿಯ ನೆನಪಿನಲ್ಲಿ ಹೂ ಮುಡಿಯದಿರುವುದು ಅವಳ ಹೃದಯದ ನಿರ್ಣಯವಾಗಿದ್ದರೆ ಅದು ಪೂಜ್ಯ. ಅದನ್ನು ಮುರಿಯಲು ಯಾರಿಗೂ ಹಕ್ಕಿಲ್ಲ. ಆದರೆ ಒಲ್ಲೆನೆನ್ನಬೇಕಾದರೆ ಮೊದಲು ಯಾರಾದರೂ ಕೊಡಬೇಕು. ಕೊಡದೆಯೇ ಒಲ್ಲಳೆಂದು ತೀರ್ಮಾನಿಸುವುದು ನಮ್ಮ ಅನುಕೂಲವೇ ಹೊರತು ಅವಳ ಇಚ್ಛೆಯಲ್ಲ.

ಶಾಸನವೊಂದರಿಂದಲೇ ಇದು ನೇರ್ಪಡುವುದಿಲ್ಲ. 1856ರಲ್ಲಿಯೇ ಬ್ರಿಟಿಷರ ಆಳ್ವಿಕೆಯ ಪ್ರದೇಶಗಳಲ್ಲಿ ಹಿಂದೂ ವಿಧವೆಯರ ಪುನರ್ವಿವಾಹಕ್ಕೆ ಕಾಯಿದೆಯ ಮನ್ನಣೆ ದೊರೆಯಿತು. ಉತ್ತರ ಕರ್ನಾಟಕದ ಅನೇಕ ಸಮುದಾಯಗಳಲ್ಲಿಯಂತೂ ಉಡಿಕೆ ಎಂಬ ಹೆಸರಿನ ಮರುಮದುವೆಯು ರೂಢಿಯಲ್ಲಿಯೇ ಇತ್ತು. ಆದರೂ ಉಡಿಕೆಯಾದವಳನ್ನು ಮೊದಲ ಮದುವೆಗಳ ಮಂಗಲಕಾರ್ಯಕ್ಕೆ ಅನೇಕ ಕಡೆ ಕರೆಯುತ್ತಿರಲಿಲ್ಲ. ಗಂಡನನ್ನು ಕೊಟ್ಟರೂ ಆರತಿಯ ತಟ್ಟೆಯನ್ನು ಕೊಡಲಿಲ್ಲ! ಇತ್ತೀಚೆಗೆ, 2022ರ ಮೇ ತಿಂಗಳಿನಲ್ಲಿ, ನಮ್ಮ ಗಡಿಗೆ ಸಮೀಪದ ಕೊಲ್ಹಾಪುರ ಜಿಲ್ಲೆಯ ಶಿರೋಳ ತಾಲೂಕಿನ ಹೇರವಾಡ ಗ್ರಾಮಪಂಚಾಯಿತಿಯು, ಪತಿಯ ಮರಣಾನಂತರ ಸ್ತ್ರೀಯ ಬಳೆ ಒಡೆಯುವ, ಕುಂಕುಮ ಅಳಿಸುವ, ತಾಳಿ ತೆಗೆಯುವ ಪದ್ಧತಿಗಳನ್ನು ನಿಲ್ಲಿಸಬೇಕೆಂದು ನಿರ್ಣಯ ಕೈಕೊಂಡಿತು. ಅದೇ ತಿಂಗಳಿನಲ್ಲಿ ಮಹಾರಾಷ್ಟ್ರ ಸರ್ಕಾರವು ಆ ಮಾದರಿಯನ್ನು ಅನುಸರಿಸಲು ಇತರ ಗ್ರಾಮಗಳಿಗೂ ಸೂಚಿಸಿತು. ಒಂದು ಹಳ್ಳಿಯ ಜನರು ಸೇರಿ ಇಷ್ಟನ್ನು ಮಾಡಬಲ್ಲರಾದರೆ, ಅನುಭವಮಂಟಪದ ವಾರಸುದಾರರೆಂದು ಹೇಳಿಕೊಳ್ಳುವ ನಾವು ಯಾರ ನಿರ್ಣಯಕ್ಕಾಗಿ ಕಾದಿರಬೇಕು?

ಮಾಡಬೇಕಾದುದು ಬಹಳವಿಲ್ಲ. ಬರುವ ಶ್ರಾವಣದಲ್ಲಿ ಮನೆಯ ಪೂಜೆ ಮುಗಿದ ಬಳಿಕ, ಪ್ರಸಾದದ ಹೂವು ಮನೆಯ ಹಿರಿಯಳಿಗೆ ಮೊದಲು ಸಲ್ಲಲಿ. ಅವಳಿಗೆ ಪತಿಯಿರುವನೇ ಇಲ್ಲವೇ ಎಂಬ ಪ್ರಶ್ನೆ ಅಲ್ಲಿ ಹುಟ್ಟದಿರಲಿ. ಮಗಳ ಮದುವೆಯಲ್ಲಿ ಮೊದಲ ಆರತಿಗೆ ತಾಯಿಯನ್ನೇ ಕರೆಯಲಿ. ಕರೆಯುವ ಧ್ವನಿಯು ಮನೆಯ ಯಜಮಾನನದಾಗಿರಲಿ, ಮಂತ್ರ ಹೇಳುವ ಅಯ್ಯನವರದಾಗಿರಲಿ. ಹೆಣ್ಣುಮಕ್ಕಳೇ ಪರಸ್ಪರ ತಡೆದರೆಂಬ ಅಪವಾದಕ್ಕೆ ಆಗ ಆಸ್ಪದವಿರದು. ಅವಳು ಒಲ್ಲೆನೆಂದರೆ ಬಲಾತ್ಕಾರ ಬೇಡ. ಆದರೆ ಹೂವಿನ ತಟ್ಟೆಯು ಅವಳ ಮುಂದೆ ಒಂದು ಕ್ಷಣ ನಿಂತು ಮುಂದಕ್ಕೆ ಹೋಗಬೇಕು, ತಾನಾಗಿ ದಾಟಿಹೋಗಬಾರದು.