ಹುಟ್ಟುಹಬ್ಬದ ಕುಣಿತ: ಬಾಗಿಲ ಹೊರಗೆ ಯಾರಿದ್ದಾರೆ?



ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆಯ ಹಿರಿಯರೊಬ್ಬರನ್ನು ‘ನೀವು ಹುಟ್ಟಿದ್ದು ಯಾವಾಗ?’ ಎಂದು ಕೇಳಿ ನೋಡಿ. ‘ಯಾರಿಗೆ ಗೊತ್ತಪಾ, ಕಾರಹುಣ್ಣಿವಿ ಮುಂದ ಹುಟ್ಟಿದಿ ಅಂತ ನಮ್ಮವ್ವ ಹೇಳ್ತಿದ್ಲು’ ಎನ್ನುವವರೇ ಹೆಚ್ಚು. ಶಾಲೆಯ ಮೆಟ್ಟಿಲು ಹತ್ತಿದವರ ದಾಖಲೆಯಲ್ಲಿ ಜೂನ್ 1 ಎಂದಿದ್ದರೆ, ಅದು ಬಹುತೇಕ ಮಾಸ್ತರರು ಬರೆದುಕೊಂಡ ದಿನ. ತನ್ನ ಹುಟ್ಟುಹಬ್ಬವೆಂಬುದನ್ನೇ ಕಾಣದೆ ದುಡಿದ ತಲೆಮಾರು ಅದು. ಈಗ ಮಕ್ಕಳು, ಮೊಮ್ಮಕ್ಕಳು ಸೇರಿ ಅಪ್ಪನ ಅರವತ್ತು, ಅಜ್ಜಿಯ ಎಪ್ಪತ್ತೈದು ಆಚರಿಸುತ್ತಿದ್ದಾರೆ. ಎಂಬತ್ತೊಂದರ ಹತ್ತಿರ ಬಂದವರು ಸಾವಿರ ಹುಣ್ಣಿಮೆ ಕಂಡವರೆಂದು ನಮ್ಮ ಜನ ಲೆಕ್ಕ ಹಾಕುತ್ತಾರೆ. ಕೀರ್ತನೆಕಾರ ಮನುಷ್ಯನ ಆಯುಷ್ಯವನ್ನು ಎಪ್ಪತ್ತು, ಬಲವಿದ್ದರೆ ಎಂಬತ್ತು ಎಂದು ಎಣಿಸಿದ. ಆ ಗಡಿ ಮುಟ್ಟಿದವರ ಮನೆಯಲ್ಲಿ ಸಂತೋಷ ಇರುವುದು ನ್ಯಾಯವೇ.

ಆ ಸಂತೋಷ ಹೇಗಿರಬೇಕು? ಕೆಲವು ಮನೆಗಳಲ್ಲಿ ಧ್ವನಿವರ್ಧಕ ತಂದು ಓಣಿಯೇ ನಡುಗುವಂತೆ ಹಾಡು ಹಚ್ಚುತ್ತಾರೆ. ಅಜ್ಜಿ ಕಿವಿ ಮುಚ್ಚಿಕೊಂಡು ಒಳಗಿನ ಕೋಣೆಗೆ ಹೋಗಿಬಿಡುತ್ತಾಳೆ! ಇನ್ನು ಕೆಲವರು ಕೋಲಾಟದವರನ್ನು, ಹಲಗೆ, ಡೊಳ್ಳು, ಕರಡಿ ಮಜಲಿನ ಮೇಳದವರನ್ನು ಕರೆಸಿ, ಊರವರೊಡನೆ ಅಂಗಳದಲ್ಲಿ ಹೆಜ್ಜೆ ಹಾಕುತ್ತಾರೆ. ಇಂಥ ಕಡೆ ನಮ್ಮವರಲ್ಲಿ ಒಂದು ಪ್ರಶ್ನೆ ಏಳುತ್ತದೆ: ಬೆಳಿಗ್ಗೆ ಕೃತಜ್ಞತೆಯ ಬಲಿಪೂಜೆ ಅರ್ಪಿಸಿ ಸಂಜೆ ಹಲಗೆಗೆ ಕುಣಿಯಬಹುದೇ?

ಕುಣಿಯಬಹುದು. ಕೊನೆಯ ಕೀರ್ತನೆಗಳು ದೇವರ ಸ್ತುತಿಗೆ ದಮ್ಮಡಿಯನ್ನೂ ನಾಟ್ಯವನ್ನೂ ಕರೆಯುತ್ತವೆ. ದ್ವಿತೀಯ ವ್ಯಾಟಿಕನ್ ಮಹಾಸಭೆಯು 1963ರಲ್ಲಿ ದೈವಾರಾಧನೆಯ ಸಂವಿಧಾನವನ್ನು ಹೊರಡಿಸಿದಾಗ, ಆಯಾ ಜನಾಂಗದ ಸಂಗೀತ ಸಂಪ್ರದಾಯಕ್ಕೆ ತಕ್ಕ ಗೌರವ ಸಲ್ಲಬೇಕೆಂದಿತು. ಆರಾಧನೆಗೇ ಇಷ್ಟು ಮರ್ಯಾದೆಯಾದರೆ ಮನೆಯ ಅಂಗಳದ ಮಾತೇನು? 2014ರ ಡಿಸೆಂಬರ್ 17ರಂದು ಪೋಪ್ ಫ್ರಾನ್ಸಿಸ್ ಅವರಿಗೆ 78 ತುಂಬಿದಾಗ, ಅವರ ತಾಯ್ನಾಡಾದ ಅರ್ಜೆಂಟೀನಾದ ಟ್ಯಾಂಗೋ ಕುಣಿತವನ್ನು ನೂರಾರು ಜನ ರೋಮಿನ ಸಂತ ಪೇತ್ರರ ಚೌಕದಲ್ಲೇ ಕುಣಿದರು. 2025ರಲ್ಲಿ ದೈವಾಧೀನರಾದ ಆ ಜಗದ್ಗುರುಗಳು ಯೌವನದಲ್ಲಿ ಟ್ಯಾಂಗೋ ಮೆಚ್ಚಿದವರೇ.

ಹಾಗಾದರೆ ಎಲ್ಲ ಕುಣಿತವೂ ಒಳ್ಳೆಯದೇ? ಅದನ್ನು ತಿಳಿಯಲು ಪವಿತ್ರ ಗ್ರಂಥದ ಮೂವರನ್ನು ನೋಡೋಣ. ಮೂವರೂ ಕುಣಿತ ಕಂಡರು ಅಥವಾ ಕೇಳಿದರು. ಮೂವರೂ ಕುಣಿಯಲಿಲ್ಲ.

ಮೊದಲನೆಯವನು ಹೆರೋದ. ಮಾರ್ಕನ ಶುಭಸಂದೇಶದ ಆರನೆಯ ಅಧ್ಯಾಯದಲ್ಲಿ ಅವನ ಹುಟ್ಟುಹಬ್ಬವಿದೆ. ಅಧಿಕಾರಿಗಳು, ಸೇನಾಪತಿಗಳು, ಗಲಿಲೇಯದ ಗಣ್ಯರು ಉಂಡು ಕುಳಿತಿದ್ದಾರೆ. ಒಬ್ಬ ಹುಡುಗಿ ಕುಣಿಯುತ್ತಾಳೆ. ಮಿಕ್ಕವರೆಲ್ಲ ನೋಡುತ್ತಾರೆ. ಹತ್ತು ಜನರ ಮುಂದೆ ಆಡಿದ ಮಾತನ್ನು ಉಳಿಸಿಕೊಳ್ಳಲು ಹೋಗಿ, ಆ ಹಬ್ಬ ಸ್ನಾನಿಕ ಯೊವಾನ್ನರ ತಲೆ ತೆಗೆಯುವಲ್ಲಿಗೆ ಮುಟ್ಟಿತು. ತನ್ನ ದೊಡ್ಡಸ್ತಿಕೆ ತೋರಿಸಲು ಮಾಡಿದ ಹುಟ್ಟುಹಬ್ಬ ಅದು. ಸಾಲ ಮಾಡಿ ಪೆಂಡಾಲು ಹಾಕಿಸುವ, ‘ಅವರು ಐದುನೂರು ಎಲೆ ಹಾಕಿಸಿದರು, ನಾವು ಸಾವಿರ’ ಎನ್ನುವ ಮಾತು ನಮ್ಮ ಮನೆಯಲ್ಲಿ ಕೇಳಿಬಂದರೆ, ಹೆರೋದನ ನೆರಳು ಬಾಗಿಲಿಗೆ ಬಂದಿದೆ ಎಂದೇ ತಿಳಿಯಿರಿ.

ಎರಡನೆಯವಳು ಮೀಕಲಳು. ಮಂಜೂಷವು ಪಟ್ಟಣಕ್ಕೆ ಬರುವಾಗ ದಾವೀದ ಅರಸನು ನಾರುಮಡಿ ಉಟ್ಟು ಜನರ ನಡುವೆ ಕುಣಿದ. ಅವನ ಹೆಂಡತಿ ಕಿಟಕಿಯಿಂದ ನೋಡಿ ಮನಸ್ಸಿನಲ್ಲೇ ತುಚ್ಛೀಕರಿಸಿದಳು. ಅರಸನಾದವನು ಕಂಡಕಂಡವರ ಜೊತೆ ಕುಣಿಯುವುದೇ ಎಂಬುದು ಅವಳ ಸಿಟ್ಟು. ದಾವೀದ ಆ ದಿನ ಇನ್ನೊಂದು ಕೆಲಸ ಮಾಡಿದ. ಗಂಡಸು, ಹೆಂಗಸು ಎನ್ನದೆ ನೆರೆದ ಪ್ರತಿಯೊಬ್ಬರಿಗೂ ಒಂದೇ ಸಮನಾಗಿ ರೊಟ್ಟಿ ಹಂಚಿಸಿದ. ಜೊತೆಗೆ ಕುಣಿದವನಿಗೆ ಸಮನಾಗಿ ಹಂಚುವುದೂ ತಿಳಿದಿತ್ತು.

ಈ ಮಾತು ನಮಗೆ ಚುಚ್ಚಬೇಕು. ಹಲಗೆಯ ಸದ್ದು ಎಲ್ಲರಿಗೂ ಬೇಕು. ಬಾಗಲಕೋಟೆಯ ಹೋಳಿಯಿಂದ ಹಿಡಿದು ಮದುವೆ ಮೆರವಣಿಗೆಯವರೆಗೆ ಅದಿಲ್ಲದೆ ಕಳೆಯಿಲ್ಲ. ಆದರೆ ಅದನ್ನು ಬಾರಿಸಿದ ಅಣ್ಣನನ್ನು ಎಷ್ಟೋ ಅಂಗಳಗಳಲ್ಲಿ ದೂರ ನಿಲ್ಲಿಸಿದ್ದಾರೆ, ಎಲ್ಲರ ಊಟವಾದ ಮೇಲೆ ಅವನಿಗೆ ಬಡಿಸಿದ್ದಾರೆ. 1950ರಿಂದ ಜಾರಿಯಲ್ಲಿರುವ ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ತೊಡೆದುಹಾಕಿದೆ. ಕ್ರೈಸ್ತರ ಮನೆಗೆ ಕಾಯಿದೆ ನೆನಪಿಸಬೇಕಾಗಿ ಬಂದರೆ ಅದು ನಾಚಿಕೆಗೇಡು. ಹಲಗೆಯವನು, ಡೊಳ್ಳಿನವನು, ಸನಾದಿ ಊದುವವನು ನಿಮ್ಮ ಅಪ್ಪನ ಪಕ್ಕದಲ್ಲಿ, ಅದೇ ಪಂಗ್ತಿಯಲ್ಲಿ ಕುಳಿತು ಹೋಳಿಗೆ ಉಣ್ಣಲಿ. ಅವರ ಕೂಲಿಯನ್ನು ಚೌಕಾಸಿ ಮಾಡದೆ, ಅವರು ಹೊರಡುವ ಮೊದಲೇ ಕೈಗಿಡಿರಿ.

ಮೂರನೆಯವನು ದುಂದುಗಾರ ಮಗನ ಅಣ್ಣ. ಲೂಕನ ಹದಿನೈದನೆಯ ಅಧ್ಯಾಯದಲ್ಲಿ ಅವನು ಹೊಲದಿಂದ ಬರುತ್ತಾನೆ, ಮನೆಯೊಳಗಿಂದ ವಾದ್ಯ, ಕುಣಿತದ ಸದ್ದು ಕೇಳುತ್ತದೆ. ಒಳಗೆ ಹೋಗುವುದಿಲ್ಲ. ಅವನು ಕೆಟ್ಟವನಲ್ಲ, ದುಡಿದವನು. ಅವನ ಎದೆಯಲ್ಲಿ ಹಳೆಯ ಲೆಕ್ಕವಿದೆ, ಅಷ್ಟೆ. ಆಗ ತಂದೆ ಏನು ಮಾಡಿದ? ಕುಣಿತ ನಡೆದಿರುವಾಗಲೇ ಅದನ್ನು ಬಿಟ್ಟು ಹೊರಗೆ ಬಂದು ಅವನನ್ನು ಬೇಡಿಕೊಂಡ.

ನಮ್ಮ ಮನೆಗಳಲ್ಲೂ ಈ ಅಣ್ಣನಿದ್ದಾನೆ. ಹೊಲದ ಪಾಲಿನಲ್ಲಿ ಬದುವಿನ ಜಗಳವಾಗಿ ಮಾತು ಬಿಟ್ಟವನು, ಮಗ್ಗದ ವ್ಯವಹಾರದಲ್ಲಿ ಮನಸ್ಸು ಮುರಿದುಕೊಂಡವನು, ತಾಯಿಯ ಮಣ್ಣಿಗೆ ಬಂದು ಮಾತಾಡಿಸದೆ ಹೋದವನು. ಮಕ್ಕಳೇ, ಹುಟ್ಟುಹಬ್ಬದ ಪಟ್ಟಿ ಬರೆಯುವ ಮೊದಲು ಅಜ್ಜಿಯ ಹತ್ತಿರ ಕುಳಿತು ಕೇಳಿರಿ: ‘ಯವ್ವಾ, ಯಾರನ್ನ ಕರೀಲಿ?’ ಆಕೆ ಮೊದಲು ಹೇಳುವ ಹೆಸರು ನಿಮಗೆ ಇಷ್ಟವಿಲ್ಲದ್ದೇ ಆಗಿರಬಹುದು. ಆ ಮನೆಗೆ ಪತ್ರಿಕೆ ಕಳಿಸಿದರೆ ಸಾಲದು. ನೀವೇ ಹೋಗಿರಿ. ತಂದೆ ಹೊರಗೆ ಬಂದನಲ್ಲವೇ?

ಕೋಲಾಟವನ್ನೇ ನೋಡಿ. ಒಬ್ಬರ ಕೋಲಿಗೆ ಇನ್ನೊಬ್ಬರ ಕೋಲು ತಾಗಿದರೆ ಮಾತ್ರ ಅದು ಆಟ. ಒಬ್ಬರು ತಪ್ಪಿದರೂ ವರ್ತುಲ ಒಡೆಯುತ್ತದೆ. ಆಲಮಟ್ಟಿಯ ಹಿನ್ನೀರಿನಲ್ಲಿ ಬೀಳಗಿ ತಾಲ್ಲೂಕಿನ ಊರುಗಳು ಮುಳುಗಿ, ಜನ ಪುನರ್ವಸತಿ ಕೇಂದ್ರಗಳಿಗೆ ಹಂಚಿಹೋದಾಗ ಎಷ್ಟು ಓಣಿಗಳ ಜೊತೆಗಾರರು ಅಗಲಿದರೋ! 2019ರ ಆಗಸ್ಟ್‌ನಲ್ಲಿ ಕೃಷ್ಣೆ, ಘಟಪ್ರಭೆ ಉಕ್ಕಿ ಜಮಖಂಡಿ, ಮುಧೋಳ ಕಡೆಯ ಹಳ್ಳಿಗಳಿಗೆ ನುಗ್ಗಿದಾಗ, ಯಾವ ಜಾತಿ ಎಂದು ಕೇಳದೆ ಒಂದೇ ಸೂರಿನಡಿ ಉಂಡವರು ನಾವು. ಜಮಖಂಡಿ ಸೀಮೆಯ ರೈತರೇ ಹಣ ಕೂಡಿಸಿ, ಬೆವರು ಸುರಿಸಿ, 1989ರಲ್ಲಿ ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ಬ್ಯಾರೇಜು ಕಟ್ಟಿದರು. ಮೊಹರಮ್ಮಿನ ಹೆಜ್ಜೆ ಮೇಳದಲ್ಲಿ ಹಿಂದೂ, ಮುಸಲ್ಮಾನರು ಜೊತೆಗೆ ಹೆಜ್ಜೆ ಹಾಕುವ ನಾಡು ಇದು. ಕೂಡಿ ದುಡಿಯಬಲ್ಲ, ಕೂಡಿ ಅಳಬಲ್ಲ ಈ ಜನರ ನಡುವೆ ನಮ್ಮ ಕ್ರೈಸ್ತ ಮನೆಗಳು ಕೆಲವೇ. ಕೂಡಿ ಕುಣಿಯುವ ಅಂಗಳವೊಂದನ್ನು ತೆರೆದಿಟ್ಟರೆ, ಆ ಕೆಲವೇ ಮನೆಗಳೂ ಸುವಾರ್ತೆ ಸಾರಿದಂತೆಯೇ.

ಕೊನೆಯದಾಗಿ, ಹಬ್ಬದ ಒಡತಿಯನ್ನು ಹಾರ ಹಾಕಿ ಕುರ್ಚಿಯ ಮೇಲೆ ಗೊಂಬೆಯಂತೆ ಕೂರಿಸಬೇಡಿರಿ. ಮೊಣಕಾಲು ನೋವಿದ್ದರೆ ಕುಳಿತಲ್ಲೇ ಕೋಲು ತಟ್ಟಲಿ. ಅವಳಿಗೆ ಬರುವ ಹಂತಿಯ ಹಾಡು, ಬೀಸುವ ಕಲ್ಲಿನ ಹಾಡು ಹಾಡಲಿ. ಮೊಮ್ಮಕ್ಕಳು ಕಲಿಯಲಿ. 2021ರಿಂದ ಧರ್ಮಸಭೆಯು ಪ್ರತಿ ಜುಲೈ ತಿಂಗಳ ನಾಲ್ಕನೆಯ ಭಾನುವಾರವನ್ನು ಅಜ್ಜ ಅಜ್ಜಿಯರ ಮತ್ತು ವೃದ್ಧರ ದಿನವೆಂದು ಆಚರಿಸುತ್ತಿದೆ. ಹುಟ್ಟಿದ ದಿನ ಗೊತ್ತಿಲ್ಲದ ಹಿರಿಯರಿಗೆ ಆ ದಿನವೇ ಹುಟ್ಟುಹಬ್ಬವಾಗಲಿ.

ಈ ವಾರ ಮನೆಮಂದಿಯೆಲ್ಲ ಪ್ರಾರ್ಥನೆಗೆ ಕುಳಿತಾಗ ಒಂದೇ ಪ್ರಶ್ನೆ ಕೇಳಿಕೊಳ್ಳೋಣ: ನಮ್ಮ ಸಂತೋಷದ ಸದ್ದು ಕೇಳಿಯೂ ಬಾಗಿಲ ಹೊರಗೆ ನಿಂತವರು ಯಾರು? ಅವರನ್ನು ಕೈಹಿಡಿದು ಒಳಗೆ ಕರೆತರುವ ಮನಸ್ಸನ್ನು, ಆಯುಷ್ಯ ಕೊಟ್ಟ ತಂದೆಯಾದ ದೇವರು ನಮಗೆ ದಯಪಾಲಿಸಲಿ. ಆಮೆನ್.