ಎರಡು ಮದ್ದು ಸೋತ ಮೇಲೆ

ಮೂರ್ಛೆ ರೋಗಕ್ಕೆ ಮದ್ದಿದೆ ಎಂಬ ಮಾತು ನಿಜ. ಹತ್ತು ರೋಗಿಗಳಲ್ಲಿ ಆರೇಳು ಮಂದಿಗೆ ಮಾತ್ರೆಯಿಂದಲೇ ಫಿಟ್ಸ್ ನಿಲ್ಲುತ್ತದೆ. ಆದರೆ ಉಳಿದವರು? ಹೊತ್ತಿಗೆ ಸರಿಯಾಗಿ ಮಾತ್ರೆ ನುಂಗಿದರೂ ಬೀಳುತ್ತಲೇ ಇರುವ ಇವರಿಗೆ ಬಂಧುಬಳಗ ಹೇಳುವುದು ಒಂದೇ ಮಾತು: ‘ಹಣೆಬರಹ, ಸಹಿಸಿಕೋ.’ ಇನ್ನೊಬ್ಬರ ನೋವಿಗೆ ಸಹನೆಯನ್ನು ಬೋಧಿಸುವ ಹಕ್ಕು ನಮಗೆ ಎಲ್ಲಿಂದ ಬಂತು?

ಮೂರ್ಛೆ ರೋಗವಿದ್ದ ಮಹಿಳೆಯೊಬ್ಬರು ಪ್ರವಾದಿ ಮುಹಮ್ಮದ್(ಸ)ರ ಬಳಿ ಬಂದ ಪ್ರಸಂಗ ಹದೀಸ್‌ನಲ್ಲಿದೆ. ಸಹನೆ ವಹಿಸಿ ಸ್ವರ್ಗ ಪಡೆಯುವುದು, ಇಲ್ಲವೇ ಗುಣವಾಗಲೆಂದು ಪ್ರಾರ್ಥನೆ: ಎರಡನ್ನೂ ಪ್ರವಾದಿಯವರು ಆಕೆಯ ಮುಂದಿಟ್ಟರು. ಆಕೆ ಸಹನೆಯನ್ನು ಆರಿಸಿಕೊಂಡರು. ಆದರೆ ಬಿದ್ದಾಗ ತನ್ನ ಬಟ್ಟೆ ಸರಿಯದಂತೆ ಪ್ರಾರ್ಥಿಸಬೇಕೆಂದು ಕೇಳಿಕೊಂಡರು. ಇದನ್ನು ನಾವು ಸಹನೆಯ ಪಾಠವೆಂದಷ್ಟೇ ಹೇಳುತ್ತೇವೆ. ಎರಡು ದಾರಿಗಳೂ ಆಕೆಗೆ ಗೊತ್ತಿದ್ದವು, ಆಯ್ಕೆ ಆಕೆಯದಾಗಿತ್ತು ಎಂಬುದನ್ನು ಮರೆಯುತ್ತೇವೆ.

ಇಂದಿನ ರೋಗಿಗೆ ದಾರಿಗಳು ಗೊತ್ತಿವೆಯೇ? 2000ದಲ್ಲಿ ಪ್ರಕಟವಾದ ಗ್ಲಾಸ್ಗೋ ನಗರದ ಅಧ್ಯಯನವೊಂದರಲ್ಲಿ 470 ಹೊಸ ರೋಗಿಗಳ ಪೈಕಿ ಶೇ. 47 ಮಂದಿಗೆ ಮೊದಲ ಔಷಧಿಯಿಂದ, ಶೇ. 13 ಮಂದಿಗೆ ಎರಡನೆಯದರಿಂದ ಫಿಟ್ಸ್ ನಿಂತಿತು. ಮೂರನೆಯದರಿಂದ ನಿಂತದ್ದು ಶೇ. 1 ಮಂದಿಗೆ ಮಾತ್ರ. ಆದ್ದರಿಂದಲೇ, ಸರಿಯಾಗಿ ಆರಿಸಿದ ಎರಡು ಔಷಧಿಗಳು ಸೋತರೆ ಅದನ್ನು ಔಷಧಿಗೆ ಬಗ್ಗದ ಅಪಸ್ಮಾರವೆಂದು ಪರಿಗಣಿಸಬೇಕೆಂದು 2010ರಲ್ಲಿ ತಜ್ಞರ ಅಂತಾರಾಷ್ಟ್ರೀಯ ಸಂಘಟನೆ ಹೇಳಿತು. ಆಗ ಎಂಆರ್‌ಐ, ವಿಡಿಯೋ ಇಇಜಿ ಮಾಡಿಸಿ ಮಿದುಳಿನಲ್ಲಿ ರೋಗದ ಮೂಲ ಎಲ್ಲಿದೆಯೆಂದು ಹುಡುಕಬೇಕು. ಕೆಲವರಿಗೆ ಶಸ್ತ್ರಚಿಕಿತ್ಸೆ ಸಾಧ್ಯ. ಕೆಲವು ಮಕ್ಕಳಿಗೆ, ವೈದ್ಯರ ನಿಗಾದಲ್ಲಿ, ಕೊಬ್ಬು ಹೆಚ್ಚಿರುವ ಕೀಟೋಜೆನಿಕ್ ಆಹಾರ ನೆರವಾಗುತ್ತದೆ. ಕುತ್ತಿಗೆಯ ನರವನ್ನು ಪ್ರಚೋದಿಸುವ ಸಾಧನವೂ ಇದೆ.

ದಿಲ್ಲಿಯ ಏಮ್ಸ್ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಔಷಧಿಗೆ ಬಗ್ಗದ 116 ಮಕ್ಕಳು ಮತ್ತು ಹದಿಹರೆಯದವರಿದ್ದರು. ಒಂದು ವರ್ಷದ ನಂತರ ಶಸ್ತ್ರಚಿಕಿತ್ಸೆಯಾದವರಲ್ಲಿ ಶೇ. 77 ಮಂದಿ ಫಿಟ್ಸ್‌ನಿಂದ ಮುಕ್ತರಾಗಿದ್ದರು. ಔಷಧಿಯಲ್ಲೇ ಮುಂದುವರಿದವರಲ್ಲಿ ಶೇ. 7 ಮಾತ್ರ. ಆದರೆ ಶಸ್ತ್ರಚಿಕಿತ್ಸೆಯಾದ ಸುಮಾರು ಮೂರನೇ ಒಂದು ಭಾಗದವರಿಗೆ ಮೈಯ ಒಂದು ಪಕ್ಕ ಬಲಗುಂದುವಂಥ ಗಂಭೀರ ತೊಂದರೆಗಳೂ ಆದವು. ಈ ಲಾಭನಷ್ಟವನ್ನು ತೂಗಬೇಕಾದವರು ರೋಗಿ ಮತ್ತು ಆತನ ಮನೆಯವರು. ಗೊತ್ತೇ ಇಲ್ಲದ್ದನ್ನು ತೂಗುವುದು ಹೇಗೆ?

ಕಮಲಾಪುರದ ಕೂಲಿಕಾರನೊಬ್ಬನ ಮಗಳಿಗೆ ಈ ರೋಗವಿದೆಯೆಂದು ಭಾವಿಸೋಣ. ಮಾತ್ರೆಗಾಗಿ ಕಲಬುರಗಿಗೆ ಹೋದ ದಿನ ಕೂಲಿಯಿಲ್ಲ. ತೊಗರಿ ರಾಶಿಯ ದಿನಗಳಲ್ಲಿ ಹೋಗಲಾಗದೆ ಮಾತ್ರೆ ಮುಗಿಯುತ್ತದೆ, ಫಿಟ್ಸ್ ಮರಳುತ್ತದೆ. ‘ಮದ್ದು ನಾಟಲಿಲ್ಲ’ ಎನ್ನುತ್ತೇವೆ. ಅಲ್ಲಿ ಸೋತದ್ದು ಮದ್ದಲ್ಲ. ಮದ್ದು ನಿಜಕ್ಕೂ ಸೋತರೆ ಬೆಂಗಳೂರಿನ ನಿಮ್ಹಾನ್ಸ್‌ನಂಥ ಆಸ್ಪತ್ರೆಗೆ ಹೋಗಬೇಕು: ಒಂದು ರಾತ್ರಿಯ ರೈಲು, ಅಲ್ಲಿ ಉಳಿಯುವ ಖರ್ಚು, ಇಲ್ಲಿ ನಿಂತ ಕೂಲಿ. ಬಂದೇನವಾಝರ ದರ್ಗಾಕ್ಕೋ ಶರಣಬಸವೇಶ್ವರರ ಗುಡಿಗೋ ಹರಕೆ ಹೊತ್ತ ತಾಯಿಯನ್ನು ಮೂಢಳೆಂದು ಹಳಿಯುವುದು ಸುಲಭ. ಆಕೆಗೆ ಇನ್ನೊಂದು ಬಾಗಿಲನ್ನು ತೋರಿಸಿದವರು ಯಾರು?

ಸಹನೆ ದೊಡ್ಡ ಗುಣ. ಆದರೆ ದಾರಿ ಮುಚ್ಚಿಟ್ಟು ಸಹಿಸಿಕೋ ಎನ್ನುವುದು ಉಪದೇಶವಲ್ಲ, ಅನ್ಯಾಯ. ನಿಮ್ಮ ಓಣಿಯಲ್ಲಿ ಇಂಥ ಮಗುವಿದ್ದರೆ ಕೇಳಿ: ಮಾತ್ರೆ ತಪ್ಪದೆ ಸಿಗುತ್ತಿದೆಯೇ? ಎರಡನೆಯ ಔಷಧಿ ಪೂರ್ಣ ಪ್ರಮಾಣದಲ್ಲಿ ಕೊಟ್ಟಾಯಿತೇ? ಮುಂದಿನ ಪರೀಕ್ಷೆಗೆ ವೈದ್ಯರು ಚೀಟಿ ಬರೆದಿದ್ದಾರೆಯೇ? ಬರೆದಿದ್ದರೆ, ಜೊತೆಗೆ ಹೋಗುವವರು ಯಾರು, ರೈಲಿನ ಖರ್ಚು ಯಾರದು ಎಂಬುದನ್ನು ಮೊಹಲ್ಲಾದವರು ಕೂಡಿ ನಿರ್ಧರಿಸಲಿ.